ಪೋಸ್ಟ್ ಉಳಿಯಿತು, ಫೋಟೋ ಹೋಯಿತು: ಬ್ಲಾಕ್‌ಚೈನ್ ಸೋಷಿಯಲ್ ನೆಟ್‌ವರ್ಕ್‌ನಲ್ಲಿ ಯಾವುದನ್ನು ಎಲ್ಲಿಡಬೇಕು?

ಕಿನ್ನಾಳದ ಕಾಕಾ ಒಂದು ಬೆಳಿಗ್ಗೆ ಫೋನ್ ಮಾಡಿದರು. "ತಮ್ಮಾ, ನಮ್ಮ ಗೊಂಬಿ ಫೋಟೋ ಒಂದೂ ಕಾಣವಲ್ದು. ಹೆಸರೈತಿ, ತಾರೀಖೈತಿ. ಫೋಟೋ ಇರೋ ಕಡೆ ಬರೇ ಬೂದಿ ಬಣ್ಣದ ಚೌಕ ಐತಿ ನೋಡು" ಅಂದರು.

ಅದಕ್ಕೆ ಒಂದೂವರೆ ವರ್ಷ ಮುಂಚೆ ಅವರ ನಲವತ್ತು ಗೊಂಬೆಗಳ ಫೋಟೋಗಳನ್ನು ನಾನೇ ಒಂದು ಬ್ಲಾಕ್‌ಚೈನ್ ಸೋಷಿಯಲ್ ನೆಟ್‌ವರ್ಕ್‌ಗೆ, ಅಂದರೆ ಪೋಸ್ಟುಗಳ ದಾಖಲೆಯನ್ನು ಒಂದೇ ಕಂಪನಿಯ ಬದಲು ಹಲವರ ಕಂಪ್ಯೂಟರ್‌ಗಳು ಇಟ್ಟುಕೊಳ್ಳುವ ಜಾಲಕ್ಕೆ, ಹಾಕಿಕೊಟ್ಟಿದ್ದೆ. ಗರುಡ, ಆನೆ, ಗಿಳಿ, ಗೌರಿ ಹುಣ್ಣಿಮೆಗೆ ಮಾಡುವ ಗೌರಿ. ಪ್ರತಿ ಪೋಸ್ಟಿಗೂ ಅವರ ವಾಲೆಟ್‌ನಿಂದಲೇ (ಸಹಿ ಹಾಕುವ ಗುಟ್ಟಿನ ಕೀ ಇರುವ ಆ್ಯಪ್) ಸಹಿ ಆಗಿತ್ತು. ಯಾವ ಗೊಂಬೆ ಯಾರ ಕೈಯಿಂದ ಯಾವಾಗ ಬಂತು ಅನ್ನೋದಕ್ಕೆ ಒಂದು ಗಟ್ಟಿ ದಾಖಲೆ ಇರಲಿ ಅನ್ನೋದು ಆಸೆ. "ಇದು ಇನ್ನು ಅಳಿಯೋದಿಲ್ಲ ಕಾಕಾ" ಅಂತ ಮಾತು ಕೊಟ್ಟಿದ್ದೆ. ಆ ಮಾತು ಅರ್ಧ ಮಾತ್ರ ನಿಜವಾಯಿತು. ಪೋಸ್ಟ್ ಬ್ಲಾಕ್‌ಚೈನ್ ಮೇಲಿತ್ತು, ಉಳಿಯಿತು. ಫೋಟೋ ಬೇರೆ ಕಡೆ ಇತ್ತು, ಹೋಯಿತು.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇಂಥ ಆ್ಯಪ್‌ಗಳನ್ನು ಬಳಸಿ ನೋಡೋಣ ಅನ್ನುವವರು ಸಿಗುತ್ತಾರೆ. ಕಾಲೇಜು ಪ್ರಾಜೆಕ್ಟಿಗೆ ಕಟ್ಟೋಣ ಅನ್ನುವ ಹುಡುಗ ಹುಡುಗಿಯರೂ ಸಿಗುತ್ತಾರೆ. ಇಬ್ಬರಿಗೂ ಎದುರಾಗುವ ಆಯ್ಕೆ ಒಂದೇ: ಎಲ್ಲವನ್ನೂ ಚೈನ್ ಮೇಲೆ ಬರೆಯಬೇಕಾ, ಅಥವಾ ಫೋಟೋ-ವಿಡಿಯೋಗಳನ್ನು ಐಪಿಎಫ್‌ಎಸ್, ಫೈಲ್‌ಕಾಯಿನ್, ಆರ್ವೀವ್‌ನಂಥ ವಿಕೇಂದ್ರಿತ ಸಂಗ್ರಹದಲ್ಲಿ, ಅಂದರೆ ಹಲವರ ಕಂಪ್ಯೂಟರ್‌ಗಳಲ್ಲಿ ಫೈಲ್ ಇಡುವ ಜಾಲದಲ್ಲಿ ಇಟ್ಟು ಚೈನ್ ಮೇಲೆ ಬರೀ ಗುರುತು ಬರೆಯಬೇಕಾ? ನನ್ನ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ. ಸಹಿ, ಹೆಸರು, ಹ್ಯಾಶ್ (ಫೈಲಿನ ಚಿಕ್ಕ ಗುರುತು) ಚೈನ್ ಮೇಲಿರಲಿ. ಫೋಟೋ, ವಿಡಿಯೋ, ಆಡಿಯೋ ಹೊರಗಿರಲಿ. ಆದರೆ ಹೊರಗಿಟ್ಟದ್ದನ್ನು ಯಾರು ಕಾಯುತ್ತಾರೆ, ಅದಕ್ಕೆ ದುಡ್ಡು ಯಾರು ಕೊಡುತ್ತಾರೆ ಅನ್ನೋದನ್ನು ಮೊದಲ ದಿನವೇ ತೀರ್ಮಾನ ಮಾಡಬೇಕು. ನಾನು ಮಾಡಿರಲಿಲ್ಲ.

ಕಲ್ಲಿನ ಮೇಲಿನ ನಾಲ್ಕು ಸಾಲು

ಕೊಪ್ಪಳದವರಿಗೆ ಇದನ್ನು ಬಿಡಿಸಿ ಹೇಳೋದು ಸುಲಭ. ಗವಿಮಠದ ಬಂಡೆಯ ಮೇಲೆ, ಪಾಲ್ಕಿಗುಂಡಿನ ಮೇಲೆ ಅಶೋಕನ ಕಿರು ಶಾಸನ ಇದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ ಅಶೋಕ ಅನ್ನುವ ಹೆಸರೇ ಇದೆ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಶಾಸನಗಳಿವೆ. ಕಲ್ಲಿಗೆ ಹೋದದ್ದು ಕೆಲವೇ ಸಾಲು. ಅದೇ ಒಕ್ಕಣೆ ಹಲವು ಊರುಗಳಲ್ಲಿದೆ. ಹಾಗಾಗಿ ಮಸ್ಕಿಯಲ್ಲಿ ಅಕ್ಷರ ಸವೆದ ಜಾಗವನ್ನು ಬೇರೆ ಕಡೆಯ ಪ್ರತಿ ನೋಡಿ ಓದಿಕೊಳ್ಳಬಹುದು.

ಬ್ಲಾಕ್‌ಚೈನ್ ಕೆಲಸ ಮಾಡುವುದೂ ಹೀಗೇ. ಮಾತು ಚಿಕ್ಕದು, ಪ್ರತಿ ಬಹಳ. ನೀವು ಬರೆದ ಒಂದು ಸಾಲನ್ನು ಜಗತ್ತಿನ ಸಾವಿರಾರು ನೋಡ್‌ಗಳು, ಅಂದರೆ ಆ ಚೈನನ್ನು ನಡೆಸುವ ಕಂಪ್ಯೂಟರ್‌ಗಳು, ತಮ್ಮ ತಮ್ಮಲ್ಲಿ ಇಟ್ಟುಕೊಳ್ಳುತ್ತವೆ. ಅದಕ್ಕೇ ಅದು ಗಟ್ಟಿ. ಅದಕ್ಕೇ ದುಬಾರಿ ಕೂಡ.

ಎಷ್ಟು ದುಬಾರಿ? ಈಥೀರಿಯಂ ಅನ್ನುವ ದೊಡ್ಡ ಚೈನಿನ ಲೆಕ್ಕ ನೋಡೋಣ. ಅಲ್ಲಿ 32 ಬೈಟ್‌ನ ಒಂದು ಹೊಸ ಗೂಡು ತುಂಬಿಸೋದಕ್ಕೆ 20,000 ಗ್ಯಾಸ್ ಬೇಕು. ಗ್ಯಾಸ್ ಅಂದರೆ ಚೈನ್ ಮೇಲಿನ ಕೆಲಸವನ್ನು ಅಳೆದು ಶುಲ್ಕ ಹಾಕುವ ಮಾನ. ವಾಟ್ಸ್ಯಾಪ್‌ನಲ್ಲಿ ಬರುವಂಥ 200 ಕೆಬಿ ಫೋಟೋ ತಗೊಳ್ಳಿ. 6,400 ಗೂಡು ಬೇಕು. 12.8 ಕೋಟಿ ಗ್ಯಾಸ್ ಆಯಿತು. ಒಂದು ಬ್ಲಾಕಿನ, ಅಂದರೆ ಚೈನ್‌ಗೆ ಒಂದು ಸಲಕ್ಕೆ ಸೇರುವ ದಾಖಲೆಗಳ ಕಟ್ಟಿನ, ಮಿತಿ ಹಲವು ವರ್ಷ 3 ಕೋಟಿ ಇತ್ತು, 2025ರಲ್ಲಿ ಹಂತ ಹಂತವಾಗಿ 6 ಕೋಟಿಗೆ ಏರಿತು. ಅಂದರೆ ಕಾಕಾ ಅವರ ಒಂದು ಗರುಡನ ಫೋಟೋಗೆ ಎರಡು ಬ್ಲಾಕ್ ಪೂರ್ತಿ ಬಿಟ್ಟುಕೊಟ್ಟರೂ ಸಾಲದು. ಈಥೀರಿಯಂನ ನಾಣ್ಯ ಈಥರ್, ಅದರ ನೂರು ಕೋಟಿಯಲ್ಲಿ ಒಂದು ಭಾಗ ಗ್ವೈ. ಗ್ಯಾಸ್ ಬೆಲೆ 1 ಗ್ವೈ ಇದ್ದರೆ 0.128 ಈಥರ್ ಖರ್ಚು. ಒಂದು ಈಥರ್‌ಗೆ 2 ಲಕ್ಷ ರೂಪಾಯಿ ಅಂತ ಹಿಡಿದರೆ 25,600 ರೂಪಾಯಿ. ಬೆಲೆ ದಿನಾ ಏರಿಳಿಯುತ್ತದೆ, ಅಳತೆ ಗೊತ್ತಾಗಲಿ ಅಂತ ಈ ಲೆಕ್ಕ. ಫೋಟೋವನ್ನು ಕಾಂಟ್ರ್ಯಾಕ್ಟ್ (ಚೈನ್ ಮೇಲೆ ಓಡುವ ಪ್ರೋಗ್ರಾಂ) ಕೋಡಿನ ರೂಪದಲ್ಲಿ ತುರುಕುವ ಒಂದು ಉಪಾಯ ಇದೆ. ಅದರಲ್ಲಿ ಬೈಟಿಗೆ 200 ಗ್ಯಾಸ್, ಖರ್ಚು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೂ ಗೊಂಬೆಯ ಬೆಲೆಗಿಂತ ಫೋಟೋ ಇಡುವ ಬೆಲೆಯೇ ಜಾಸ್ತಿ.

ಈಗ ಅದೇ ಫೋಟೋದ ಹ್ಯಾಶ್ ಮಾತ್ರ ಬರೆಯೋಣ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದಹಾಗೆ. ಫೈಲ್ ಎಷ್ಟೇ ದೊಡ್ಡದಿರಲಿ, ಬೆರಳಚ್ಚು 32 ಬೈಟ್. ಒಂದೇ ಗೂಡು. ವ್ಯವಹಾರದ ಮೂಲ ಶುಲ್ಕ 21,000 ಗ್ಯಾಸ್ ಸೇರಿಸಿದರೂ ಮೇಲಿನ ದರದಲ್ಲೇ ಎಂಟು ಒಂಬತ್ತು ರೂಪಾಯಿ. ಎಲ್ಲಿಯ 25,600, ಎಲ್ಲಿಯ ಒಂಬತ್ತು! ಫೋಟೋ ವಿಷಯದಲ್ಲಿ ವಾದ ಇಲ್ಲಿಗೇ ಮುಗಿಯುತ್ತದೆ ಅಂತ ನನಗನ್ನಿಸುತ್ತದೆ.

ಬರಹದ ವಿಷಯ ಬೇರೆ. ಅಲ್ಲಿ ಕನ್ನಡದವರು ಗಮನಿಸಬೇಕಾದ ಒಂದು ಸಂಗತಿ ಇದೆ. ಕಂಪ್ಯೂಟರ್‌ಗಳು ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲಾ ಬೇರೆ ಬೇರೆ ಸಂಕೇತ. "ಬಳ್ಳಾರಿ" ಅನ್ನೋದನ್ನೇ ಬಿಡಿಸಿ ನೋಡಿ: ಬ, ಳ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಳ, ದೀರ್ಘ, ರ, ಗುಡಿಸು. ಏಳು ಸಂಕೇತ, 21 ಬೈಟ್. ಇಂಗ್ಲಿಷಿನಲ್ಲಿ ಬರೆದರೆ ಏಳೇ ಬೈಟ್. ಬೈಟ್ ಲೆಕ್ಕದಲ್ಲಿ ದುಡ್ಡು ಕೇಳುವ ಯಾವ ಚೈನ್ ಆದರೂ ಕನ್ನಡದ ಬರಹಕ್ಕೆ ಹೆಚ್ಚುಕಡಿಮೆ ಮೂರು ಪಟ್ಟು ಕೇಳಿದಂತೆ. ನಾಲ್ಕು ಸಾಲಿನ ಪೋಸ್ಟಿಗೆ ಇದು ದೊಡ್ಡದಲ್ಲ. ಉದ್ದದ ಲೇಖನ, ಕಥೆ, ಜನಪದ ಹಾಡಿನ ಪಠ್ಯ ಹಾಕುವವರು ಇದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು.

"ಚೈನ್ ಮೇಲಿದೆ" ಅಂದಾಗ ಏನು ಕೇಳಬೇಕು

"ನಮ್ಮದು ಲೇಯರ್ 2, ಅಗ್ಗ" ಅನ್ನುವ ಆ್ಯಪ್‌ಗಳು ಬಹಳ. ಲೇಯರ್ 2 ಅಂದರೆ ಈಥೀರಿಯಂನಂಥ ಮುಖ್ಯ ಚೈನನ್ನು ಆಧರಿಸಿ ಅದರ ಮೇಲೆ ಕಟ್ಟಿದ ಇನ್ನೊಂದು ಚೈನ್. ಅಗ್ಗ ಅನ್ನೋದು ನಿಜ. 2024ರ ಮಾರ್ಚ್ 13ರಂದು ಈಥೀರಿಯಂನಲ್ಲಿ ಡೆನ್‌ಕುನ್ ಬದಲಾವಣೆ ಬಂದ ಮೇಲೆ ಲೇಯರ್ 2ಗಳು ತಮ್ಮ ದತ್ತಾಂಶವನ್ನು ಬ್ಲಾಬ್ ಅನ್ನುವ 128 ಕೆಬಿ ಮೂಟೆಗಳಲ್ಲಿ ಕಳಿಸುತ್ತವೆ. ಖರ್ಚು ಬಹಳ ಇಳಿಯಿತು. ಆದರೆ ಆ ಮೂಟೆಗಳನ್ನು ಈಥೀರಿಯಂ ನೋಡ್‌ಗಳು ಸುಮಾರು 18 ದಿನ ಮಾತ್ರ ಇಟ್ಟುಕೊಂಡು ಆಮೇಲೆ ಅಳಿಸಬಹುದು. ಲೆಕ್ಕ ಸರಿ ಇದೆಯಾ ಅಂತ ಪರೀಕ್ಷೆ ಮಾಡೋದಕ್ಕೆ ಅಷ್ಟು ದಿನ ಸಾಕು, ದಾಸ್ತಾನು ಮಾಡೋದು ಅದರ ಉದ್ದೇಶವೇ ಅಲ್ಲ. ಹಳೆಯ ಪೋಸ್ಟು ಉಳಿಯಬೇಕಾದರೆ ಆ ಲೇಯರ್ 2ರ ನೋಡ್‌ಗಳು ನಡೆಯುತ್ತಿರಬೇಕು, ಇಲ್ಲವೇ ಯಾರಾದರೂ ಹಳೆಯ ದಾಖಲೆ ಕೂಡಿಟ್ಟಿರಬೇಕು. ಆದ್ದರಿಂದ "ಆನ್‌ಚೈನ್" ಅಂದವರನ್ನು ಯಾವ ಚೈನ್, ಅದರ ಯಾವ ಭಾಗದಲ್ಲಿ, ಎಷ್ಟು ದಿನ ಅಂತ ಕೇಳಿ. ಕೇಳೋದರಲ್ಲಿ ಸಂಕೋಚ ಬೇಡ.

ಬರಹವನ್ನು ನಿಜಕ್ಕೂ ಚೈನ್ ಮೇಲೇ ಇಡುವ ನೆಟ್‌ವರ್ಕ್‌ಗಳೂ ಇವೆ. 2016ರಲ್ಲಿ ಶುರುವಾದ ಸ್ಟೀಮ್, ಅದರಿಂದ 2020ರ ಮಾರ್ಚ್‌ನಲ್ಲಿ ಒಡೆದು ಬಂದ ಹೈವ್ ಈ ಜಾತಿಯವು. ಹೈವ್‌ನಲ್ಲಿ ಪೋಸ್ಟಿಗೆ ಇಷ್ಟು ರೂಪಾಯಿ ಅಂತ ಶುಲ್ಕ ಇಲ್ಲ. ನಿಮ್ಮ ಖಾತೆಯಲ್ಲಿರುವ ಹೈವ್ ಪವರ್‌ಗೆ (ಅಲ್ಲಿ ಜಮೆ ಮಾಡಿಟ್ಟ ಹೈವ್ ನಾಣ್ಯ) ತಕ್ಕಂತೆ ರಿಸೋರ್ಸ್ ಕ್ರೆಡಿಟ್ ಸಿಗುತ್ತದೆ, ಬರೆದಷ್ಟು ಖರ್ಚಾಗುತ್ತದೆ, ದಿನ ಕಳೆದಂತೆ ಮತ್ತೆ ತುಂಬುತ್ತದೆ. ಉದ್ದದ ಬರಹಕ್ಕೆ ಇದು ಒಳ್ಳೆಯ ಜಾಗ. ಆದರೆ ಅಲ್ಲೂ ಫೋಟೋ ಚೈನ್ ಮೇಲೆ ಹೋಗುವುದಿಲ್ಲ. ಸಾಮಾನ್ಯವಾಗಿ ಒಂದು ಇಮೇಜ್ ಸರ್ವರ್‌ಗೆ ಹೋಗುತ್ತದೆ, ಪೋಸ್ಟಿನಲ್ಲಿ ಅದರ ಲಿಂಕ್ ಇರುತ್ತದೆ. 2021ರಲ್ಲಿ ಬಂದ ಡೀಸೋದಲ್ಲೂ ಹೀಗೇ: ಮಾತು ಚೈನ್ ಮೇಲೆ, ಚಿತ್ರದ್ದು ಲಿಂಕ್ ಮಾತ್ರ. ಬರೀ ಲಿಂಕ್ ಆದರೆ ಇನ್ನೊಂದು ತೊಂದರೆ. ಸರ್ವರ್‌ನಲ್ಲಿ ಅದೇ ಹೆಸರಿಟ್ಟು ಬೇರೆ ಫೋಟೋ ಕೂರಿಸಿದರೆ ಗೊತ್ತೇ ಆಗುವುದಿಲ್ಲ. ಹ್ಯಾಶ್ ಬರೆದಿಟ್ಟಿದ್ದರೆ ಆ ಮೋಸ ನಡೆಯುವುದಿಲ್ಲ.

ಫಾರ್‌ಕಾಸ್ಟರ್ ಅನ್ನುವ ನೆಟ್‌ವರ್ಕ್ ಚೈನ್ ಮೇಲೆ ಇಡುವುದು, ಹೊರಗೆ ಇಡುವುದು ಇವೆರಡರ ನಡುವಿನದು. ಹೆಸರು, ಖಾತೆಯ ನೋಂದಣಿ ಆಪ್ಟಿಮಿಸಂ ಅನ್ನುವ ಲೇಯರ್ 2ರ ಮೇಲೆ. ಮಾತುಗಳು ಅದರದೇ ಬೇರೆ ಜಾಲದಲ್ಲಿ. ಜಾಗಕ್ಕೆ ಬಾಡಿಗೆ ಕೊಡಬೇಕು. ಮೊದಲು ಒಂದು ವರ್ಷದ ಒಂದು ಯೂನಿಟ್‌ಗೆ 5,000 ಕಾಸ್ಟ್ (ಅಲ್ಲಿ ಪೋಸ್ಟಿಗೆ ಇರುವ ಹೆಸರು) ಅಂತಿತ್ತು, ಆಮೇಲೆ ಅಳತೆಗಳು ಬದಲಾದವು. ಮಿತಿ ಮೀರಿದರೆ ಹಳೆಯದು ಉದುರಿಹೋಗುತ್ತದೆ. ಅಲ್ಲಿಯ ಸಾಮಾನ್ಯ ಕಾಸ್ಟ್ 320 ಬೈಟ್. ಇಂಗ್ಲಿಷಿನವರಿಗೆ 320 ಅಕ್ಷರ ಆದರೆ ನಮಗೆ 106 ಸಂಕೇತ. ಒಂದು ವಚನ ಪೂರ್ತಿ ಹಿಡಿಸುವುದು ಕಷ್ಟ. ದಿನನಿತ್ಯದ ಮಾತುಕತೆಗೆ ಈ ವ್ಯವಸ್ಥೆ ನನಗೆ ಇಷ್ಟ. ಎಲ್ಲಾ ಮಾತೂ ಕಲ್ಲಿಗೆ ಹೋಗಬೇಕಾಗಿಲ್ಲ, ಅಲ್ವಾ? ಆದರೆ ದಾಖಲೆ ಉಳಿಸುವ ಜಾಗ ಅದಲ್ಲ.

ಲೆನ್ಸ್ ಅನ್ನುವ ನೆಟ್‌ವರ್ಕ್ 2022ರಲ್ಲಿ ಪಾಲಿಗಾನ್ ಅನ್ನುವ ಚೈನ್ ಮೇಲೆ ಶುರುವಾಗಿ 2025ರಲ್ಲಿ ತನ್ನದೇ ಚೈನ್‌ಗೆ ಹೋಯಿತು. ಅಲ್ಲಿ ಪೋಸ್ಟು ಚೈನ್ ಮೇಲೆ ದಾಖಲಾಗುತ್ತದೆ, ಅದರೊಳಗಿನ ಬರಹ-ಚಿತ್ರ ಎಲ್ಲಿದೆ ಅನ್ನುವ ವಿಳಾಸ ಮಾತ್ರ ಅದರಲ್ಲಿರುತ್ತದೆ. ಈ ಕಡೆಯ ಹುಡುಗರು ಕಟ್ಟುವ ಆ್ಯಪ್‌ಗಳಿಗೆ ಇದೇ ಮಾದರಿ ಸರಿ ಅಂತ ನನ್ನ ಅನಿಸಿಕೆ.

ಐಪಿಎಫ್‌ಎಸ್: ವಿಳಾಸ ಗಟ್ಟಿ, ಮನೆ ಗಟ್ಟಿಯಲ್ಲ

2015ರಲ್ಲಿ ಬಂದ ಐಪಿಎಫ್‌ಎಸ್‌ನಲ್ಲಿ ಫೈಲಿನ ವಿಳಾಸ ಅದರ ಹ್ಯಾಶ್‌ನಿಂದಲೇ ಹುಟ್ಟುತ್ತದೆ. ಇದಕ್ಕೆ ಸಿಐಡಿ ಅನ್ನುತ್ತಾರೆ. ಸಾಮಾನ್ಯ ಲಿಂಕ್ "ಇಂಥ ಕಂಪ್ಯೂಟರಿನ ಇಂಥ ಫೋಲ್ಡರ್" ಅನ್ನುತ್ತದೆ. ಸಿಐಡಿ "ಇಂಥ ಬೆರಳಚ್ಚಿನ ಫೈಲ್ ಯಾರ ಹತ್ತಿರ ಇದ್ದರೂ ಸರಿ" ಅನ್ನುತ್ತದೆ. ಬಹಳ ಚೆಂದದ ಯೋಚನೆ. ಆದರೆ ಫೈಲನ್ನು ಯಾರೂ ಇಟ್ಟುಕೊಂಡಿಲ್ಲ ಅಂದರೆ ವಿಳಾಸ ಇದ್ದೂ ಪ್ರಯೋಜನವಿಲ್ಲ. ಐಪಿಎಫ್‌ಎಸ್‌ಗೆ ಹಾಕಿದ್ದೆಲ್ಲ ತನ್ನಷ್ಟಕ್ಕೆ ತಾನೇ ಎಲ್ಲೆಡೆ ಹರಡಿ ಉಳಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಯಾರಾದರೂ ನೋಡಿದಾಗ ಅವರ ನೋಡ್‌ನಲ್ಲಿ ಸ್ವಲ್ಪ ದಿನ ಉಳಿಯಬಹುದು, ಜಾಗ ಬೇಕಾದಾಗ ಅದು ಗುಡಿಸಿ ಹಾಕುತ್ತದೆ. ಉಳಿಯಬೇಕಾದರೆ ಒಬ್ಬರು ಅದನ್ನು ಪಿನ್ ಮಾಡಿರಬೇಕು, ಅಂದರೆ "ಇದನ್ನು ಗುಡಿಸಬೇಡ" ಅಂತ ತಮ್ಮ ನೋಡ್‌ಗೆ ಹೇಳಿರಬೇಕು.

ಕಾಕಾ ಅವರ ಫೋಟೋಗಳನ್ನು ನಾನು ಒಂದು ಪಿನ್ನಿಂಗ್ ಸೇವೆಯ ಉಚಿತ ಖಾತೆಯಲ್ಲಿ ಇಟ್ಟಿದ್ದೆ. ಅವರು ಉಚಿತ ಖಾತೆ ನಿಲ್ಲಿಸಿದರು. ಮೇಲ್ ಬಂದದ್ದು ನಾನು ಆ ಕೆಲಸಕ್ಕೆ ಅಂತಲೇ ತೆರೆದಿದ್ದ ವಿಳಾಸಕ್ಕೆ. ತಿಂಗಳುಗಟ್ಟಲೆ ಅದನ್ನು ತೆರೆದು ನೋಡಿರಲಿಲ್ಲ. ಗಡುವು ದಾಟಿತು, ಪಿನ್ ಬಿದ್ದುಹೋಯಿತು, ಬೇರೆ ಯಾರ ಹತ್ತಿರವೂ ಪ್ರತಿ ಇರಲಿಲ್ಲ.

ಆ ಭಾನುವಾರ ಕಿನ್ನಾಳಕ್ಕೆ ಹೋದೆ. ಕಾಕಾ ಹುಣಸೆ ಬೀಜದ ಅಂಟು ತಿಕ್ಕುತ್ತಾ ಕೂತಿದ್ದರು, ನನ್ನನ್ನು ಬೈಯಲಿಲ್ಲ. "ಮೂಲ ಫೋಟೋ ಎಲ್ಯಾವ ನೋಡೋಣು" ಅಂದರು. ಅವರ ಮಗನ ಹಳೆ ಫೋನಿನ ಮೆಮೊರಿ ಕಾರ್ಡ್‌ನಲ್ಲಿ 31 ಮೂಲ ಫೈಲುಗಳು ಸಿಕ್ಕವು. ಮೊದಲ ಫೈಲನ್ನು ನನ್ನ ಲ್ಯಾಪ್‌ಟಾಪಿನ ಐಪಿಎಫ್‌ಎಸ್‌ಗೆ ಸೇರಿಸಿದೆ. ಬಂದ ವಿಳಾಸ ಬೇರೆ! ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು. ಐಪಿಎಫ್‌ಎಸ್ ದೊಡ್ಡ ಫೈಲನ್ನು ತುಂಡು ತುಂಡು ಮಾಡಿ ಹ್ಯಾಶ್ ತೆಗೆಯುತ್ತದೆ. ತುಂಡಿನ ಅಳತೆ, ವಿಳಾಸದ ಆವೃತ್ತಿ ಬೇರೆಯಾದರೆ ಅದೇ ಫೈಲಿಗೆ ಬೇರೆ ವಿಳಾಸ ಬರುತ್ತದೆ. ನನ್ನ ಲ್ಯಾಪ್‌ಟಾಪ್ 256 ಕೆಬಿ ತುಂಡು ಮಾಡುತ್ತಿತ್ತು, ಆ ಸೇವೆ 1 ಎಂಬಿ ಮಾಡಿತ್ತು. ಅಳತೆ ಬದಲಿಸಿ ಮತ್ತೆ ಸೇರಿಸಿದೆ. ಒಂದೊಂದೇ ಅಕ್ಷರ ಹೋಲಿಸಿ ನೋಡಿದೆ. ಅದೇ ವಿಳಾಸ. ಪೋಸ್ಟನ್ನು ಮುಟ್ಟಲಿಲ್ಲ, ಚೈನ್‌ಗೆ ಏನೂ ಬರೆಯಲಿಲ್ಲ, ಒಂದು ಪೈಸೆ ಗ್ಯಾಸ್ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಕಾಕಾ ಅವರ ಫೋನಿನಲ್ಲಿ ಬೂದಿ ಚೌಕದ ಜಾಗದಲ್ಲಿ ಕೆಂಪು ಗರುಡ ಮೂಡಿತು.

ಉಳಿದ ಒಂಬತ್ತು ಫೋಟೋಗಳು ವಾಟ್ಸ್ಯಾಪ್ ಗ್ರೂಪಿನಲ್ಲಿ ಇದ್ದವು. ಕಣ್ಣಿಗೆ ಅದೇ ಗೊಂಬೆ, ಅದೇ ಬಣ್ಣ. ಆದರೆ ವಾಟ್ಸ್ಯಾಪ್ ಫೋಟೋವನ್ನು ಒತ್ತಿ ಚಿಕ್ಕದು ಮಾಡುತ್ತದೆ. ಬೈಟ್ ಬದಲಾದರೆ ಬೆರಳಚ್ಚು ಬದಲು. ಆ ಒಂಬತ್ತು ಚೌಕಗಳು ಈಗಲೂ ಬೂದಿ ಬಣ್ಣದಲ್ಲೇ ಇವೆ. ಆ ಗೊಂಬೆಗಳಲ್ಲಿ ಆರು ಮಾರಾಟವಾಗಿ ಎಲ್ಲೆಲ್ಲೋ ಹೋಗಿವೆ, ಮತ್ತೆ ಫೋಟೋ ತೆಗೆಯೋಣ ಅಂದರೂ ಇಲ್ಲ.

ಇದರಿಂದ ನಾನು ಹೇಳುವುದು: ಐಪಿಎಫ್‌ಎಸ್ ಆರಿಸಿದರೆ ಮೂಲ ಫೈಲನ್ನು ಹಾಗೇ ಒಂದು ಪೆನ್‌ಡ್ರೈವ್‌ನಲ್ಲೋ ಹಾರ್ಡ್‌ಡಿಸ್ಕ್‌ನಲ್ಲೋ ಇಡಿ. ಎಡಿಟ್ ಮಾಡಿದ ಪ್ರತಿ ಅಲ್ಲ, ಫಾರ್ವರ್ಡ್ ಆದ ಪ್ರತಿ ಅಲ್ಲ, ಹಾಕಿದ್ದೇ ಫೈಲು. ಯಾವ ಅಳತೆಯಲ್ಲಿ ಸೇರಿಸಿದಿರಿ ಅನ್ನೋದನ್ನೂ ಬರೆದಿಡಿ. ಫೈಲ್ ಕೈಯಲ್ಲಿದ್ದರೆ ಹತ್ತು ವರ್ಷ ಬಿಟ್ಟು ಬೇಕಾದರೂ ಹಳೆಯ ಪೋಸ್ಟಿಗೆ ಜೀವ ಬರಿಸಬಹುದು. ಮಾಮೂಲಿ ಸರ್ವರ್‌ನ ಲಿಂಕ್ ಸತ್ತರೆ ಈ ದಾರಿ ಇರುವುದಿಲ್ಲ. ಇಷ್ಟು ಪೆಟ್ಟು ತಿಂದ ಮೇಲೂ ನಾನು ಐಪಿಎಫ್‌ಎಸ್ ಬಿಡದಿರುವುದಕ್ಕೆ ಇದೇ ಕಾರಣ.

ಇನ್ನೆರಡು ಮಾತು. ಬಹಳ ಆ್ಯಪ್‌ಗಳಲ್ಲಿ ಚೈನ್ ಮೇಲಿನ ವಿಳಾಸ ನೇರ ಫೋಟೋಗೆ ಹೋಗುವುದಿಲ್ಲ. ಮೊದಲು ಒಂದು ಜೇಸನ್ ಫೈಲಿಗೆ ಹೋಗುತ್ತದೆ. ಅದರಲ್ಲಿ ಹೆಸರು, ವಿವರ, ಫೋಟೋದ ವಿಳಾಸ ಇರುತ್ತದೆ. ಎರಡನ್ನೂ ಪಿನ್ ಮಾಡಬೇಕು. ನಮ್ಮ ಪುಣ್ಯಕ್ಕೆ ಜೇಸನ್ ಫೈಲುಗಳು ಆ ಆ್ಯಪ್‌ನವರ ನೋಡ್‌ನಲ್ಲೇ ಇದ್ದವು, ಅದಕ್ಕೇ ಹೆಸರು, ತಾರೀಖು ಕಾಣುತ್ತಿತ್ತು. ಮತ್ತೆ, ಪೋಸ್ಟಿನಲ್ಲಿ ಯಾವುದೋ ಗೇಟ್‌ವೇಯ ಪೂರ್ತಿ ಲಿಂಕ್ ಬರೆಯಬೇಡಿ, ಸಿಐಡಿ ಮಾತ್ರ ಬರೆಯಿರಿ. ಗೇಟ್‌ವೇ ಅಂದರೆ ಸಾಮಾನ್ಯ ಬ್ರೌಸರ್‌ಗೆ ಐಪಿಎಫ್‌ಎಸ್ ತೋರಿಸುವ ಬಾಗಿಲು. ಬಾಗಿಲು ಯಾರದೋ ಆಗಿರುತ್ತದೆ. ಕ್ಲೌಡ್‌ಫ್ಲೇರ್‌ನಂಥ ದೊಡ್ಡ ಕಂಪನಿಯೇ 2024ರಲ್ಲಿ ತನ್ನ ಸಾರ್ವಜನಿಕ ಗೇಟ್‌ವೇಯನ್ನು ಬೇರೆಯವರಿಗೆ ವಹಿಸಿಕೊಟ್ಟಿತು.

ಫೈಲ್‌ಕಾಯಿನ್, ಆರ್ವೀವ್

ಐಪಿಎಫ್‌ಎಸ್‌ನಲ್ಲಿ ಕಾಯುವವರಿಗೆ ಸಂಬಳ ಇಲ್ಲ. ಆ ಕೊರತೆ ತುಂಬೋದಕ್ಕೆ ಬಂದದ್ದು ಫೈಲ್‌ಕಾಯಿನ್, 2020ರ ಅಕ್ಟೋಬರ್‌ನಲ್ಲಿ. ಇಲ್ಲಿ ಸಂಗ್ರಹ ಕೊಡುವವರ ಜತೆ ಇಷ್ಟು ದಿನ ಅಂತ ಒಪ್ಪಂದ ಆಗುತ್ತದೆ, ಕಡಿಮೆ ಅಂದರೆ 180 ದಿನ. ಫೈಲ್ ನಿಜಕ್ಕೂ ತಮ್ಮಲ್ಲಿದೆ ಅಂತ ಅವರು ದಿನಕ್ಕೊಮ್ಮೆ ಗಣಿತದ ಪುರಾವೆ ಕೊಡಬೇಕು, ತಪ್ಪಿದರೆ ಅವರ ಠೇವಣಿಗೆ ಕತ್ತರಿ. ದೊಡ್ಡ ದಾಸ್ತಾನಿಗೆ ಇದು ಹೇಳಿಮಾಡಿಸಿದ್ದು. ಗೋದಾಮಿನಲ್ಲಿ ಭತ್ತದ ಚೀಲ ಒಟ್ಟಿದಹಾಗೆ. ಆದರೆ ಒಳಗಿನ ಚೀಲ ತಕ್ಷಣ ತೆಗೆದುಕೊಡು ಅಂದರೆ ಹೊತ್ತು ಹಿಡಿಯುತ್ತದೆ. ಫೀಡ್‌ನಲ್ಲಿ ಬೆರಳು ಸರಿಸುತ್ತಾ ನೋಡುವ ಫೋಟೋಗೆ ಇದೊಂದೇ ಸಾಲದು, ಮುಂದೆ ಐಪಿಎಫ್‌ಎಸ್ ಇಟ್ಟು ಹಿಂದೆ ಇದನ್ನು ಇಡಬೇಕು. ಒಪ್ಪಂದ ಮುಗಿಯುವ ದಿನ ನೆನಪಿಟ್ಟುಕೊಂಡು ಮತ್ತೆ ಮಾಡಿಸಬೇಕು.

2018ರಲ್ಲಿ ಶುರುವಾದ ಆರ್ವೀವ್‌ನ ದಾರಿ ಬೇರೆ. ಒಂದೇ ಸಲ ದುಡ್ಡು ಕೊಡಿ, ಆಮೇಲೆ ಮರೆತುಬಿಡಿ. ನೀವು ಕೊಟ್ಟದ್ದರಲ್ಲಿ ದೊಡ್ಡ ಪಾಲು ಒಂದು ನಿಧಿಗೆ ಹೋಗುತ್ತದೆ. ಇವತ್ತಿನ ದರದಲ್ಲಿ 200 ವರ್ಷ ಇಡೋದಕ್ಕೆ ಆಗುವಷ್ಟು ಖರ್ಚು ಹಿಡಿದು ಬೆಲೆ ಕಟ್ಟುತ್ತಾರೆ. ಹಾರ್ಡ್‌ಡಿಸ್ಕಿನ ಬೆಲೆ ವರ್ಷ ವರ್ಷ ಇಳಿಯುತ್ತಾ ಹೋಗುತ್ತದೆ ಅನ್ನುವ ನಂಬಿಕೆಯ ಮೇಲೆ ಇದು ನಿಂತಿದೆ. ಅದು ಭರವಸೆ, ಬರೆದುಕೊಟ್ಟ ಗ್ಯಾರಂಟಿ ಅಲ್ಲ. ನನ್ನಂಥ ಮರೆಯುವ ಮನುಷ್ಯನಿಗೆ, ತಿಂಗಳ ಬಾಡಿಗೆ ಕಟ್ಟೋದಕ್ಕೆ ಆಗದ ಕುಶಲಕರ್ಮಿಗೆ, ಆಯ್ದ ಫೋಟೋಗಳ ಮಟ್ಟಿಗೆ ಇದೇ ಸೂಕ್ತ. ಹತ್ತಾರು ಜಿಬಿ ವಿಡಿಯೋಗೆ ಒಂದೇ ಸಲ ಕೊಡುವ ಮೊತ್ತ ಭಾರ ಅನ್ನಿಸುತ್ತದೆ.

ಅಳಿಸಬೇಕಾದಾಗ?

ಶಾಶ್ವತ ಅನ್ನೋದು ಯಾವಾಗಲೂ ಒಳ್ಳೆಯದಲ್ಲ. ಇದನ್ನು ನಾನು ಗಟ್ಟಿಯಾಗಿ ಹೇಳಬೇಕು. ಚೈನ್ ಮೇಲೆ ಬರೆದದ್ದನ್ನು ನೀವು ಅಳಿಸೋದಕ್ಕೆ ಆಗುವುದಿಲ್ಲ. ಹೈವ್‌ನಲ್ಲಿ ಪೋಸ್ಟ್ ತಿದ್ದಬಹುದು, ಆದರೆ ಹಳೆಯ ರೂಪ ಹಳೆಯ ಬ್ಲಾಕಿನಲ್ಲಿ ಹಾಗೇ ಇರುತ್ತದೆ. ಆರ್ವೀವ್‌ನಲ್ಲೂ ಅಳಿಸುವ ಗುಂಡಿ ಇಲ್ಲ. ಒಂದೊಂದು ಗೇಟ್‌ವೇ ತೋರಿಸುವುದಿಲ್ಲ ಅನ್ನಬಹುದು, ಅಷ್ಟೇ. ಐಪಿಎಫ್‌ಎಸ್‌ನಲ್ಲಿ ನಿಮ್ಮ ಪಿನ್ ತೆಗೆದರೆ, ಬೇರೆ ಯಾರೂ ಇಟ್ಟುಕೊಂಡಿಲ್ಲದಿದ್ದರೆ ಹೋಗುತ್ತದೆ. ಅಂದರೆ ಕಾಕಾ ಅವರಿಗೆ ತೊಂದರೆ ಕೊಟ್ಟ ಗುಣವೇ ಇಲ್ಲಿ ಉಪಕಾರಕ್ಕೆ ಬರುತ್ತದೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಮ್ಮ ತಮ್ಮ ಮಾಹಿತಿಯನ್ನು ತಿದ್ದಿಸುವ, ಅಳಿಸಿಸುವ ಹಕ್ಕನ್ನು ಜನರಿಗೆ ಕೊಟ್ಟಿದೆ. 18 ವರ್ಷದೊಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಅನ್ನುತ್ತದೆ. ಆ್ಯಪ್ ಕಟ್ಟುವ ಹುಡುಗರೇ, ಮೊಬೈಲ್ ನಂಬರ್, ಆಧಾರ್, ಮನೆಯ ವಿಳಾಸ, ಮಕ್ಕಳ ಮುಖ ಇವುಗಳನ್ನು ಚೈನ್ ಮೇಲೂ ಆರ್ವೀವ್ ಮೇಲೂ ಇಡುವ ಯೋಚನೆ ಬೇಡ. "ಎನ್‌ಕ್ರಿಪ್ಟ್ ಮಾಡಿ ಇಟ್ಟು, ಆಮೇಲೆ ಕೀ ಅಳಿಸಿಬಿಡುತ್ತೀವಿ" ಅನ್ನೋದು ಒಂದು ದಾರಿ. ಆದರೆ ಕೀ ಎಲ್ಲೋ ಒಂದು ಕಡೆ ಸೋರಿದರೆ ಅಲ್ಲಿಗೆ ಎಲ್ಲಾ ಬಯಲು, ಹಿಂದಕ್ಕೆ ತಗೊಳ್ಳೋದಕ್ಕೆ ಆಗುವುದಿಲ್ಲ. ತಾಂಡಾದ ಮದುವೆ ಫೋಟೋ, ಮನೆಮಂದಿಯ ಗ್ರೂಪ್ ಇಂಥವಕ್ಕೆ ಬ್ಲಾಕ್‌ಚೈನ್ ನೆಟ್‌ವರ್ಕ್ ಬೇಕೇ ಇಲ್ಲ ಅನ್ನೋದು ನನ್ನ ನೇರ ಮಾತು.

ಯಾರಿಗೆ ಯಾವುದು

ಕಿನ್ನಾಳದಂಥ ಕಡೆಯ ಕುಶಲಕರ್ಮಿಗಳಿಗೆ ಬೇಕಾದದ್ದು "ಇದು ನನ್ನ ಕೆಲಸ, ಈ ತಾರೀಖಿನದು" ಅನ್ನುವ ಪುರಾವೆ. ಹ್ಯಾಶ್, ಸಹಿ ಒಂದು ಅಗ್ಗದ ಲೇಯರ್ 2ರ ಮೇಲೆ. ಗೊಂಬೆಗೆ ಒಂದೋ ಎರಡೋ ಒಳ್ಳೆಯ ಫೋಟೋ ಆರ್ವೀವ್‌ನಲ್ಲಿ. ಉಳಿದದ್ದು ಐಪಿಎಫ್‌ಎಸ್‌ನಲ್ಲಿ. ಫೋಟೋವನ್ನು ವೆಬ್‌ಪಿ ರೂಪಕ್ಕೆ ತಂದು 200–300 ಕೆಬಿಯೊಳಗೆ ಇಟ್ಟರೆ ಖರ್ಚೂ ಕಡಿಮೆ, ಹಳ್ಳಿಯ ನೆಟ್‌ವರ್ಕ್‌ನಲ್ಲೂ ಬೇಗ ತೆರೆಯುತ್ತದೆ. ಆದರೆ ಹ್ಯಾಶ್ ತೆಗೆಯುವ ಮುಂಚೆ ಚಿಕ್ಕದು ಮಾಡಿ, ಆಮೇಲೆ ಅಲ್ಲ.

ಮುದಗಲ್ಲಿನ ಮೊಹರಂ ಹಾಡು, ಬಳ್ಳಾರಿ ಕಡೆಯ ದೊಡ್ಡಾಟ, ತತ್ವಪದದ ಭಜನೆ ದಾಖಲು ಮಾಡುವವರಿಗೆ ಸಮಸ್ಯೆ ಗಾತ್ರದ್ದು. ಒಂದು ರಾತ್ರಿಯ ಆಟದ ವಿಡಿಯೋ ಅಂದರೆ ಹತ್ತಾರು ಜಿಬಿ. ಚೈನ್ ಮೇಲೆ ಇಡುವ ಮಾತೇ ಇಲ್ಲ. ಮೂಲ ವಿಡಿಯೋವನ್ನು ಫೈಲ್‌ಕಾಯಿನ್‌ನಲ್ಲಿ ಇಡಿ, ಮನೆಯಲ್ಲಿ ಹಾರ್ಡ್‌ಡಿಸ್ಕ್ ಎರಡು ಇರಲಿ. ಜನ ನೋಡೋದಕ್ಕೆ ಚಿಕ್ಕ ರೂಪ ಬೇರೆ ಮಾಡಬೇಕು. ಐಪಿಎಫ್‌ಎಸ್ ಹಾಕಿದ ಫೈಲನ್ನು ಹಾಗೇ ಕೊಡುತ್ತದೆ, ಯೂಟ್ಯೂಬಿನಂತೆ ನೆಟ್‌ವರ್ಕ್ ನೋಡಿ ಗುಣಮಟ್ಟ ಇಳಿಸುವುದಿಲ್ಲ. ಹಾಡಿನ ಪಠ್ಯವನ್ನು ಮಾತ್ರ ಹೈವ್‌ನಂಥ ಕಡೆ ಪೂರ್ತಿ ಬರೆದುಬಿಡಿ. ವಿಡಿಯೋ ಹೋದರೂ ಪದ ಉಳಿಯಲಿ. ಒಂದು ಮಾತು ಮರೆಯಬೇಡಿ, ಹಾಡಿದವರ ಒಪ್ಪಿಗೆ ಮೊದಲೇ ಕೇಳಿ. "ಆಮೇಲೆ ತೆಗೆಯೋದಕ್ಕೆ ಆಗಲ್ಲ" ಅಂತ ಬಿಡಿಸಿ ಹೇಳಿ.

ಸುದ್ದಿ ಬರೆಯುವವರಿಗೆ, ಉದಾಹರಣೆಗೆ ಕಾಲುವೆಯ ನೀರು ಕೊನೆ ಭಾಗಕ್ಕೆ ಬಂದಿಲ್ಲ ಅಂತ ಸಿಂಧನೂರಿನಿಂದ ಫೋಟೋ ಹಾಕುವ ಹುಡುಗನಿಗೆ, ಹ್ಯಾಶ್‌ನ ಬೆಲೆ ದೊಡ್ಡದು. ಫೋಟೋ ತೆಗೆದ ದಿನವೇ ಹ್ಯಾಶ್ ಚೈನ್ ಮೇಲೆ ಹೋದರೆ, ಆಮೇಲೆ ತಿದ್ದಿದ್ದು ಅನ್ನುವ ಆರೋಪಕ್ಕೆ ಉತ್ತರ ಸಿಗುತ್ತದೆ. ಆ ದಿನ ಆ ಫೈಲ್ ಇತ್ತು ಅಂತ ಮಾತ್ರ ಅದು ಹೇಳುತ್ತದೆ, ಫೋಟೋದಲ್ಲಿರುವುದು ನಿಜ ಅಂತ ಹೇಳುವುದಿಲ್ಲ. ಈ ವ್ಯತ್ಯಾಸ ಮರೆತು ಬ್ಲಾಕ್‌ಚೈನ್ ಹೆಸರಿನಲ್ಲಿ ಯಾರನ್ನೂ ನಂಬಿಸಬೇಡಿ.

ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಟೆಸ್ಟ್‌ನೆಟ್‌ನಲ್ಲಿ (ನಿಜದ ದುಡ್ಡಿಲ್ಲದ ಪ್ರಯೋಗದ ಚೈನ್) ಶುರುಮಾಡಿ, ದುಡ್ಡು ಹಾಕಬೇಡಿ. ಹಳೆಯ ಲ್ಯಾಪ್‌ಟಾಪಿನಲ್ಲಿ ಐಪಿಎಫ್‌ಎಸ್ ನೋಡ್ ನಡೆಸಿ ನೋಡಿ, ಕಲಿಯೋದು ಬಹಳ ಇದೆ. ಆದರೆ ಕರೆಂಟ್ ಹೋದರೆ ನೋಡ್ ಹೋಯಿತು. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಹೊರಗಿನವರಿಗೆ ನಿಮ್ಮ ನೋಡ್ ಸಿಗದಿರುವುದೂ ಉಂಟು. ಮನೆಯ ನೋಡ್ ಎರಡನೇ ಪ್ರತಿಯಾಗಿರಲಿ, ಅದೊಂದೇ ಪ್ರತಿ ಬೇಡ.

ದುಡ್ಡಿನ ವಿಷಯ ಚಿಕ್ಕದಾಗಿ: ಗ್ಯಾಸ್‌ಗೆ, ಆರ್ವೀವ್‌ಗೆ ಟೋಕನ್, ಅಂದರೆ ಆಯಾ ಜಾಲದ ಕ್ರಿಪ್ಟೋ ನಾಣ್ಯ ಬೇಕು. ನಮ್ಮಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೋ ಲಾಭದ ಮೇಲೆ 30% ತೆರಿಗೆ ಇದೆ, ಅದೇ ವರ್ಷ ಜುಲೈನಿಂದ ವರ್ಗಾವಣೆಗೆ 1% ಟಿಡಿಎಸ್ ಬಂದಿದೆ. ಬೇಕಾದಷ್ಟೇ ಕೊಳ್ಳಿ, ಕೊಂಡದ್ದು ಕೊಟ್ಟದ್ದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಯಾವುದಾದರೂ ಆ್ಯಪ್‌ಗೆ ಸೇರುವ ಮುಂಚೆ ಐದು ನಿಮಿಷದ ಒಂದು ಪರೀಕ್ಷೆ ಮಾಡಿ. ಒಂದು ಫೋಟೋ ಹಾಕಿ, ಆ ಚೈನಿನ ಎಕ್ಸ್‌ಪ್ಲೋರರ್‌ನಲ್ಲಿ (ಚೈನ್ ಮೇಲಿನ ದಾಖಲೆ ತೋರಿಸುವ ವೆಬ್‌ಸೈಟ್) ನಿಮ್ಮ ಪೋಸ್ಟ್ ಹುಡುಕಿ, ಫೋಟೋದ ವಿಳಾಸ ಹೇಗೆ ಶುರುವಾಗುತ್ತದೆ ನೋಡಿ. ಐಪಿಎಫ್‌ಎಸ್ ಅಂತಿದ್ದರೆ "ಯಾರು ಪಿನ್ ಮಾಡುತ್ತಾರೆ, ಎಷ್ಟು ದಿನ" ಅಂತ ಆ್ಯಪ್‌ನವರನ್ನು ಕೇಳಿ. ಎಆರ್ ಅಂತಿದ್ದರೆ ಅದು ಆರ್ವೀವ್, ದುಡ್ಡು ಕಟ್ಟಿಯಾಗಿದೆ. ಎಚ್‌ಟಿಟಿಪಿಎಸ್ ಅಂತಿದ್ದರೆ ಹುಷಾರು. ಅದು ಯಾರದೋ ಮಾಮೂಲಿ ಸರ್ವರ್ ಆಗಿರಬಹುದು, ಗೇಟ್‌ವೇ ಲಿಂಕ್ ಆಗಿದ್ದರೆ ಒಳಗೆ ಸಿಐಡಿ ಕಾಣುತ್ತದೆ.

ಕಾಕಾ ಅವರ ಫೋಟೋಗಳು ಈಗ ಮೂರು ಕಡೆ ಇವೆ. ದುಡ್ಡು ಕೊಟ್ಟು ಇಟ್ಟ ಪಿನ್ ಒಂದು, ಆರ್ವೀವ್ ಒಂದು, ಮೂಲ ಫೈಲುಗಳ ಪೆನ್‌ಡ್ರೈವ್ ಒಂದು. ಪೆನ್‌ಡ್ರೈವ್ ಅವರ ಬಣ್ಣದ ಡಬ್ಬಿಗಳ ಪಕ್ಕದ ಗೂಡಿನಲ್ಲಿದೆ. ಹೊಸ ಗೊಂಬೆ ಮುಗಿದರೆ ಫೋಟೋ ತೆಗೆದು ಅವರೇ ಮೊದಲು ಅದಕ್ಕೆ ಹಾಕಿ, ಆಮೇಲೆ ನನಗೆ ಫೋನ್ ಮಾಡುತ್ತಾರೆ.